ಅರೂಬಾ ಕೊಟ್ಟ ತೀರ್ಪು, ಕೊಡದ ಉತ್ತರ

ತಲೆನೋವೆಂದೋ ಫಿಟ್ಸ್ ಬಂತೆಂದೋ ಎಂಆರ್‌ಐ ಮಾಡಿಸಿಕೊಂಡವರ ಮೆದುಳಿನಲ್ಲಿ ಕೆಲವೊಮ್ಮೆ ರಕ್ತನಾಳಗಳ ಗಂಟೊಂದು ಕಾಣುತ್ತದೆ. ವೈದ್ಯರು ಎವಿಎಂ ಅನ್ನುವುದು ಇದನ್ನೇ. ಅಪಧಮನಿಯ ರಕ್ತ ಇಲ್ಲಿ ಲೋಮನಾಳಗಳನ್ನು ಹಾಯದೆ ನೇರವಾಗಿ ಅಭಿಧಮನಿಗೆ ನುಗ್ಗುತ್ತದೆ. ಆ ಒತ್ತಡಕ್ಕೆ ತೆಳುವಾದ ಗೋಡೆ ಒಡೆದರೆ ಮೆದುಳಿನೊಳಗೇ ರಕ್ತಸ್ರಾವ. ಹಿಂದೆ ಒಡೆಯದ ಗಂಟು ಒಡೆಯುವ ಸಂಭವ ವರ್ಷಕ್ಕೆ ಸುಮಾರು ನೂರಕ್ಕೆ 2. ಆಪರೇಷನ್ ಬೇಕೇ, ಬೇಡವೇ?

ಈ ಪ್ರಶ್ನೆಯನ್ನು ನೇರವಾಗಿ ಎದುರಿಸಿದ್ದು ಅರೂಬಾ ಎಂಬ ಅಧ್ಯಯನ. ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದ ಜೆ.ಪಿ. ಮೋರ್ ಮತ್ತು ಸಂಗಡಿಗರು 9 ದೇಶಗಳ 39 ಕೇಂದ್ರಗಳಲ್ಲಿ, ಗಂಟು ಒಡೆಯದ 226 ಮಂದಿಯನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಔಷಧ ಮತ್ತು ನಿಗಾ ಮಾತ್ರ. ಇನ್ನೊಂದಕ್ಕೆ ಅದರ ಜೊತೆಗೆ ಗಂಟು ತೆಗೆಯುವ ಚಿಕಿತ್ಸೆ. 2013ರಲ್ಲಿ ಸೇರ್ಪಡೆಯನ್ನು ನಡುವೆಯೇ ನಿಲ್ಲಿಸಬೇಕಾಯಿತು. 2014ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದ ಲೆಕ್ಕ ಹೀಗಿತ್ತು: ಔಷಧದ ಗುಂಪಿನ 109 ಮಂದಿಯಲ್ಲಿ 11 ಜನರಿಗೆ ಪಾರ್ಶ್ವವಾಯು ಅಥವಾ ಸಾವು, ಚಿಕಿತ್ಸೆಯ ಗುಂಪಿನ 114ರಲ್ಲಿ 35 ಜನರಿಗೆ.

ಕಣ್ಣು ಮುಚ್ಚಿ ತಳ್ಳಿಹಾಕುವ ಅಂಕಿಗಳಲ್ಲ ಇವು. ಗಂಟು ಕಂಡರೆ ತೆಗೆದುಬಿಡಿ ಎನ್ನುವ ವೈದ್ಯಕೀಯ ಆತುರಕ್ಕೆ ಅರೂಬಾ ಕಡಿವಾಣ ಹಾಕಿತು. ಆ ಶ್ರೇಯಸ್ಸು ಅದಕ್ಕೆ ಸಲ್ಲಲೇಬೇಕು.

ಆದರೆ ಚಿಕಿತ್ಸೆ ಎಂಬ ಒಂದೇ ಹೆಸರಿನಡಿ ಅದು ಏನೇನನ್ನು ಸೇರಿಸಿತು? ನಾಳದೊಳಗೆ ಅಂಟು ತುಂಬಿಸುವ ಎಂಬೊಲೈಸೇಶನ್ ಒಂದನ್ನೇ ಪಡೆದವರು 30 ಮಂದಿ, ವಿಕಿರಣ ಮಾತ್ರ ಪಡೆದವರು 31, ತಲೆಬುರುಡೆ ತೆರೆಯುವ ಶಸ್ತ್ರಚಿಕಿತ್ಸೆ ಮಾತ್ರ ಆದವರು ಬರೀ 5. ಇವು ಒಂದೇ ಬಗೆಯ ಕೆಲಸಗಳಲ್ಲ. ಶಸ್ತ್ರಚಿಕಿತ್ಸಕ ಸೂಕ್ಷ್ಮದರ್ಶಕದಡಿ ಗಂಟಿಗೆ ರಕ್ತ ತರುವ ಅಪಧಮನಿಗಳನ್ನು ಒಂದೊಂದಾಗಿ ಮುಚ್ಚುತ್ತಾ ಸುತ್ತಲೂ ಬಿಡಿಸಿಕೊಂಡು ಬರುತ್ತಾನೆ. ರಕ್ತ ಹೊರಸಾಗಿಸುವ ಅಭಿಧಮನಿಯನ್ನು ಕೊನೆಯವರೆಗೂ ಕಾಪಾಡುತ್ತಾನೆ. ಅದು ಮೊದಲೇ ಕಟ್ಟಿಹೋದರೆ ಗಂಟು ಟೇಬಲ್ಲಿನ ಮೇಲೇ ಒಡೆಯಬಹುದು. ಪೂರ್ತಿ ತೆಗೆದರೆ ಅಪಾಯ ಅಂದಿಗೇ ಮುಗಿಯಿತು. ಗಾಮಾ ನೈಫ್ ವಿಕಿರಣದಲ್ಲಿ (ಬೆಂಗಳೂರಿನ ನಿಮ್ಹಾನ್ಸ್‌ನಲ್ಲೂ ಈ ಸೌಲಭ್ಯವಿದೆ) ಬುರುಡೆ ತೆರೆಯಬೇಕಿಲ್ಲ, ಆದರೆ ಗಂಟು ಮುಚ್ಚಿಕೊಳ್ಳಲು ಎರಡು ಮೂರು ವರ್ಷ ಹಿಡಿಯುತ್ತದೆ. ಅಲ್ಲಿಯವರೆಗೆ ಒಡೆಯುವ ಭಯ ತಪ್ಪಿದ್ದಲ್ಲ.

ಅದಕ್ಕಿಂತ ದೊಡ್ಡ ಕೊರತೆ ಕಾಲಾವಧಿಯದು. ಮೊದಲ ವರದಿಯ ಸರಾಸರಿ ನಿಗಾ 33 ತಿಂಗಳು. 2020ರ ಅಂತಿಮ ವರದಿಯದು ಸುಮಾರು 50 ತಿಂಗಳು. ಆಗಲೂ ಔಷಧದ ಗುಂಪೇ ಮೇಲಾಗಿತ್ತು, ನಿಜ. ಆದರೆ ಚಿಕಿತ್ಸೆಯ ಪೆಟ್ಟು ಬೀಳುವುದು ಹೆಚ್ಚಾಗಿ ಮೊದಲಲ್ಲೇ. ಗಂಟಿನ ಭಯ ಬದುಕಿನುದ್ದಕ್ಕೂ ಹರಡಿಕೊಂಡಿರುತ್ತದೆ. ವರ್ಷಕ್ಕೆ ನೂರಕ್ಕೆ 2ರಂತೆ ಲೆಕ್ಕ ಹಾಕಿದರೆ 25ರ ಯುವತಿಗೆ ಮುಂದಿನ 40 ವರ್ಷಗಳಲ್ಲಿ ಒಮ್ಮೆಯಾದರೂ ರಕ್ತಸ್ರಾವವಾಗುವ ಸಂಭವ ನೂರಕ್ಕೆ ಸುಮಾರು 55. ಎಪ್ಪತ್ತು ದಾಟಿದವರಿಗೆ ಮುಂದಿನ 10 ವರ್ಷಕ್ಕೆ ಅದು 18. ಇಬ್ಬರಿಗೂ ಒಂದೇ ಸಲಹೆ ಹೇಗೆ ಸರಿಹೋದೀತು?

ಸ್ಪೆಟ್ಜ್ಲರ್ ಮತ್ತು ಮಾರ್ಟಿನ್ 1986ರಲ್ಲಿ ಕೊಟ್ಟ ಶ್ರೇಣಿ ಈಗಲೂ ಕೆಲಸಕ್ಕೆ ಬರುತ್ತದೆ. ಗಂಟಿನ ಗಾತ್ರ, ಮಾತು-ಚಲನೆಯಂಥ ಮುಖ್ಯ ಭಾಗಕ್ಕೆ ಅದು ತಾಗಿದೆಯೇ, ರಕ್ತ ಆಳದ ಅಭಿಧಮನಿಗೆ ಹರಿಯುತ್ತದೆಯೇ ಎಂದು ನೋಡಿ 1ರಿಂದ 5ರವರೆಗೆ ಅಂಕ. 1, 2ನೇ ಶ್ರೇಣಿಯ ಎಳೆಯ ವಯಸ್ಸಿನವರಿಗೆ ನುರಿತ ಕೈಯಲ್ಲಿ ಶಸ್ತ್ರಚಿಕಿತ್ಸೆ ಸಮರ್ಥನೀಯ. 4, 5ನೇ ಶ್ರೇಣಿಯ, ಒಡೆಯದ ಗಂಟನ್ನು ಮುಟ್ಟದಿರುವುದೇ ಸಾಮಾನ್ಯವಾಗಿ ಮೇಲು. ಒಮ್ಮೆ ಒಡೆದ ಗಂಟಿನವರನ್ನು ಅರೂಬಾ ಸೇರಿಸಿಕೊಂಡಿರಲೇ ಇಲ್ಲ. ಅದರ ತೀರ್ಪನ್ನು ಅವರ ಮುಂದಿಡುವುದು ತಪ್ಪು.

ಈ ನಿರ್ಧಾರದ ಮುಂದೆ ನಿಂತವರು ಆಂಜಿಯೋಗ್ರಾಂ ಹಿಡಿದು ಎರಡನೇ ವೈದ್ಯರನ್ನೂ ಕಾಣಬೇಕು. ನನ್ನದು ಯಾವ ಶ್ರೇಣಿ, ಇಂಥವನ್ನು ನೀವು ಎಷ್ಟು ಮಾಡಿದ್ದೀರಿ, ಅವರಲ್ಲಿ ಎಷ್ಟು ಮಂದಿಗೆ ಕೈಕಾಲು, ಮಾತು ಹೋಯಿತು ಎಂದು ಸಂಕೋಚವಿಲ್ಲದೆ ಕೇಳಬೇಕು. ಆ ಲೆಕ್ಕ ಕೊಡಲೊಲ್ಲದವರ ಕೈಗೆ ತಲೆ ಒಪ್ಪಿಸಬೇಡಿ.