ಕಲ್ಲ ತೋಳಿನ ಬಳೆಗಳು

ಹಳೆಯ ಒಡವೆಗಳ ಹುಚ್ಚು ಹತ್ತಿದವರಿಗೆ ವೈಕಿಂಗರ ಮೇಲೆ ಸ್ವಲ್ಪ ಹೊಟ್ಟೆಕಿಚ್ಚು ಇದ್ದೇ ಇರುತ್ತದೆ. ಸ್ವೀಡನ್ನಿನ ಬಿರ್ಕಾದಲ್ಲಿ ಹಿಯಾಲ್ಮಾರ್ ಸ್ಟೋಲ್ಪೆ 1870ರ ದಶಕದಿಂದ ಸುಮಾರು 1,100 ಸಮಾಧಿಗಳನ್ನು ಅಗೆದರು. ಹೆಂಗಸರ ಗುಂಡಿಗಳಲ್ಲಿ ಆಮೆಚಿಪ್ಪಿನಾಕಾರದ ಕಂಚಿನ ಜೋಡಿ ಪದಕಪಿನ್ನುಗಳು, ಅವುಗಳ ನಡುವೆ ಗಾಜು, ಸ್ಫಟಿಕ, ಕೆಂಪು ಕಾರ್ನೀಲಿಯನ್ ಮಣಿಗಳ ಸರ. ಕಂಚಿನ ಕಿಲುಬು ತನ್ನಡಿಯ ಬಟ್ಟೆಯ ಚೂರನ್ನೂ ಕಾಪಾಡಿಕೊಟ್ಟಿದೆ.

ನಮ್ಮಲ್ಲೂ ಹೂಳುವವರಿದ್ದರು. ಬ್ರಹ್ಮಗಿರಿಯ ಬೃಹತ್ ಶಿಲಾಯುಗದ ಒಂದು ಗೋರಿಯಲ್ಲಿ 33 ಚಿನ್ನದ ಮಣಿ, ನಾಲ್ಕು ತಾಮ್ರದ ಬಳೆ ಸಿಕ್ಕಿವೆ. ಚಾಲುಕ್ಯರ ಕಾಲದ ಬಳ್ಳಿಗಾವಿಗೆ ಬಂದರೆ ಮಾತೇ ಬೇರೆ. ಸುಡುವ ಮನೆಗಳಲ್ಲಿ ಚಿನ್ನ ಚಿತೆಗೆ ಹೋಗುವುದಿಲ್ಲ. ಮಗಳಿಗೆ, ಸೊಸೆಗೆ, ಕೊನೆಗೆ ಅಕ್ಕಸಾಲಿಯ ಮೂಸೆಗೆ ಹೋಗುತ್ತದೆ. ನೋಡಬೇಕೆಂದರೆ ಕಲ್ಲನ್ನೇ ನೋಡಬೇಕು.

ಕಲ್ಲು ಎಂದೊಡನೆ ಎಲ್ಲರೂ ದಾಸೋಜನ ಹೆಸರು ಹೇಳುತ್ತಾರೆ. ಬಳ್ಳಿಗಾವಿಯ ಈ ರೂವಾರಿ, ಮಗ ಚಾವಣನೊಂದಿಗೆ ಬೇಲೂರಿಗೆ ಹೋಗಿ ಮದನಿಕೆಯರನ್ನು ಕಡೆದು, ಪೀಠದಲ್ಲಿ ಹೆಸರು, ಊರು ಬರೆದ. ಗಣಿಯಿಂದ ತೆಗೆದಾಗ ಮೆತ್ತಗಿರುವ ಬಳಪದ ಕಲ್ಲಿನಲ್ಲಿ ಓಲೆ, ಹಾರ, ತೋಳಬಂದಿ, ಡಾಬಿನ ಜಾಲರಿ ಎಲ್ಲವೂ ಎಳೆ ಎಳೆಯಾಗಿ ಬಂದಿವೆ. ಬೆರಗೇನೋ ಹೌದು. ಆದರೆ ಅದು ದೇಗುಲಕ್ಕೆ ತೊಡಿಸಿದ ಅಲಂಕಾರ. ಯಾರ ಮೈಮೇಲಿನ ಒಡವೆಯೂ ಅಲ್ಲ. ವೀರಗಲ್ಲಿನ ನಡುಪಟ್ಟಿಕೆಯಲ್ಲಿ ಸತ್ತ ವೀರನನ್ನು ಹೊತ್ತೊಯ್ಯುವ ಅಪ್ಸರೆಯರ ಒಡವೆಯೂ ಅಷ್ಟೇ.

ನನ್ನ ಕಣ್ಣು ನಿಲ್ಲುವುದು ಶಿಕಾರಿಪುರ, ಸೊರಬ ಸೀಮೆಯ ಮಾಸ್ತಿಕಲ್ಲುಗಳ ಮೇಲೆ, ಗಂಡನ ಚಿತೆಯೇರಿದವರ ನೆನಪಿಗೆ ನೆಟ್ಟ ಕಲ್ಲುಗಳ ಮೇಲೆ. ಕಂಬದಿಂದ ಹೊರಚಾಚಿ ಮೊಣಕೈಯಲ್ಲಿ ಮೇಲಕ್ಕೆ ಮಡಿಚಿದ ಒಂದು ತೋಳು, ಬೆರಳ ಸಂದಿಯಲ್ಲಿ ನಿಂಬೆಹಣ್ಣು, ಮಣಿಕಟ್ಟಿನಲ್ಲಿ ಬಳೆ. ಮೈಯೆಲ್ಲ ಬಿಟ್ಟು ಶಿಲ್ಪಿ ಬಳೆಯನ್ನೇ ಉಳಿಸಿಕೊಂಡದ್ದು ಸುಮ್ಮನಲ್ಲ. ಗಂಡ ಸತ್ತರೆ ಮೊದಲು ಒಡೆಯುವುದು ಅದನ್ನೇ. ಒಡೆಯುವ ಮುಂಚೆಯೇ ಹೋದಳು ಎಂಬುದಕ್ಕೆ ಅದೇ ಸಾಕ್ಷಿ. ಬಿರ್ಕಾದ ಪದಕ ಹೆಣ್ಣಿನ ಸಿರಿಯನ್ನು ಹೇಳಿದರೆ, ಈ ಬಳೆ ಆಕೆಗೆ ವಿಧಿಸಿದ ಷರತ್ತನ್ನು ಹೇಳುತ್ತದೆ. ಕುಸುರಿ ಕಡಿಮೆ, ಕೆಲವೆಡೆ ಬರೀ ಗೀರುಗಳು. ಆದರೂ ಇದನ್ನು ಮೆಚ್ಚುವಾಗ ಕೈ ಮುಗಿಯುವ ಆತುರ ಬೇಡ ಎನ್ನುವವನು ನಾನು.

ಇದೇ ನೆಲದಲ್ಲಿ ಗಂಡ ಸತ್ತವಳಿಗೆ ಬೇರೆ ದಾರಿಯೂ ಇತ್ತು. ಬಿರ್ಕಾದ ಹೆಂಗಸರು ಒಡವೆಯೊಡನೆ ಮಣ್ಣು ಸೇರುತ್ತಿದ್ದ 10ನೇ ಶತಮಾನದಲ್ಲೇ ಬಂದಳಿಕೆಯ ಶಾಸನ ಜಕ್ಕಿಯಬ್ಬೆಯನ್ನು ನೆನೆಯುತ್ತದೆ. ಗಂಡ ಸತ್ತ ಮೇಲೆ ನಾಗರಖಂಡ ಎಪ್ಪತ್ತು ಎಂಬ ನಾಡನ್ನು ಆಳಿದವಳು, ರೋಗ ಬಂದಾಗ ಮಗಳನ್ನು ಕರೆಸಿ ಅಧಿಕಾರ ಒಪ್ಪಿಸಿ, ಬಂದಳಿಕೆಯ ಜೈನ ತೀರ್ಥದಲ್ಲಿ ಉಪವಾಸದಿಂದ ಪ್ರಾಣ ಬಿಡುವ ಸಲ್ಲೇಖನ ವ್ರತ ಹಿಡಿದಳು.

ಬಳ್ಳಿಗಾವಿಗೆ ಹೋಗುವವರು ಕೇದಾರೇಶ್ವರ ನೋಡಿ ಹಿಂತಿರುಗದೆ, ಬಂದಳಿಕೆಗೂ ಒಂದು ಹೊತ್ತು ಇಟ್ಟುಕೊಳ್ಳಿ. ದಾರಿಯಲ್ಲಿ ಮಾಸ್ತಿಕಲ್ಲು ಕಂಡರೆ ಇಳಿಬಿಸಿಲಿನಲ್ಲಿ ನೋಡಿ. ನಡುಹಗಲಲ್ಲಿ ಸವೆದ ಬಳೆಗಳ ಗೀರು ಕಣ್ಣಿಗೆ ಹತ್ತುವುದಿಲ್ಲ.