ಎರಡು ನಿಮಿಷದ ಧೈರ್ಯ

ಐಇಎಲ್‌ಟಿಎಸ್ ಎಂಬ ಇಂಗ್ಲಿಷ್ ಪರೀಕ್ಷೆಯ ಮಾತಿನ ಭಾಗದಲ್ಲಿ ಪರೀಕ್ಷಕರು ಒಂದು ಚೀಟಿ ಕೊಡುತ್ತಾರೆ. ಅದರಲ್ಲೊಂದು ವಿಷಯ. ಯೋಚಿಸಲು ಒಂದು ನಿಮಿಷ, ಮಾತಾಡಲು ಹೆಚ್ಚೆಂದರೆ ಎರಡು ನಿಮಿಷ. ನೀವು ಕಂಡ ಉತ್ಸವವೊಂದರ ಬಗ್ಗೆ ಹೇಳಿ ಎಂಬಂಥ ವಿಷಯ ಬಂದರೆ ಯಾದಗಿರಿ ಬಳಿಯ ಅಬ್ಬೆತುಮಕೂರಿನ ಹುಡುಗಿಗೆ ಅದಕ್ಕಿಂತ ಸಲೀಸಾದದ್ದು ಏನಿದೆ? ಅಲ್ಲಿಯ ವಿಶ್ವಾರಾಧ್ಯರ ಮಠದ ಜಾತ್ರೆ ಅವಳ ಮನೆಯಂಗಳದಲ್ಲೇ ನೆರೆಯುತ್ತದೆ. ತೇರು, ತೆಲಂಗಾಣದ ಕಡೆಯಿಂದ ಬಂದಿಳಿಯುವ ಭಕ್ತರು, ಪ್ರಸಾದದ ಸಾಲು, ಬೆಂಡು-ಬತ್ತಾಸಿನ ಅಂಗಡಿಗಳು. ಎರಡು ನಿಮಿಷ ಸಾಲುವುದೇ ಇಲ್ಲ. ಆದರೆ ಕೋಚಿಂಗಿನಲ್ಲಿ ಕೈಗಿಡುವ ಮಾದರಿ ಉತ್ತರಗಳಲ್ಲಿ ಈ ಜಾತ್ರೆಗೆ ಜಾಗವಿಲ್ಲ. ಅಲ್ಲಿರುವುದು ದೀಪಾವಳಿ, ಅದೂ ಯಾರ ಮನೆಯದೂ ಅಲ್ಲದ ದೀಪಾವಳಿ. ಅದನ್ನು ಬಾಯಿಪಾಠ ಮಾಡಿ ಹೋದವಳು ಎರಡು ನಿಮಿಷ ನೀರು ಕುಡಿದಂತೆ ಒಪ್ಪಿಸುತ್ತಾಳೆ. ಅದರ ಮೇಲೆ ಒಂದು ಪ್ರಶ್ನೆ ಕೇಳಿದರೆ ಸಾಕು, ಮಾತು ಕಟ್ಟುತ್ತದೆ. ಕಂಠಪಾಠವನ್ನು ಗುರುತಿಸಲು ಪರೀಕ್ಷಕರಿಗೆ ತರಬೇತಿಯೇ ಇರುತ್ತದೆ.

ಹೊರದೇಶಕ್ಕೆ ಓದಲು ಹೊರಟವರಿಗೆ ಇಂಗ್ಲಿಷಿನ ಧೈರ್ಯ ಮಾರುವ ವ್ಯಾಪಾರವನ್ನೂ ಆ ಪರೀಕ್ಷೆಯನ್ನೂ ಒಂದೇ ತಕ್ಕಡಿಗೆ ಹಾಕಬಾರದು. ಪರೀಕ್ಷೆ, ನನ್ನ ಮಟ್ಟಿಗೆ, ಕೆಟ್ಟದ್ದೇನಲ್ಲ. ನಮ್ಮ ಎಸ್ಸೆಸ್ಸೆಲ್ಸಿಯ ಇಂಗ್ಲಿಷ್ ಪತ್ರಿಕೆ ಗಂಟೆಗಟ್ಟಲೆ ಬರೆಸುತ್ತದೆ, ಬಾಯಿ ಬಿಡಿಸುವುದಿಲ್ಲ. ಐಇಎಲ್‌ಟಿಎಸ್ ಕೇಳಿಸುತ್ತದೆ, ಓದಿಸುತ್ತದೆ, ಬರೆಸುತ್ತದೆ, 11ರಿಂದ 14 ನಿಮಿಷ ಮಾತಾಡಿಸುತ್ತದೆ. ಮಾತಿಗೆ ಅಂಕ ಕೊಡುವಾಗ ವ್ಯಾಕರಣಕ್ಕೆ ಸಿಗುವುದು ಕಾಲು ಪಾಲು. ಉಳಿದದ್ದು ತಡವರಿಸದೆ ಜೋಡಿಸಿ ಹೇಳುವುದಕ್ಕೆ, ಪದಗಳ ಬಳಕೆಗೆ, ಉಚ್ಚಾರಕ್ಕೆ. ಬಿಳಿಯರ ಧಾಟಿಯಲ್ಲಿ ಉಲಿಯಬೇಕೆಂಬ ಕಟ್ಟಳೆ ಎಲ್ಲೂ ಇಲ್ಲ, ಕೇಳಿದವರಿಗೆ ತಿಳಿದರಾಯಿತು. ಪ್ರಶ್ನೆ ಹಿಡಿಯದಿದ್ದರೆ ಇನ್ನೊಮ್ಮೆ ಹೇಳ್ರಿ ಎನ್ನಲೂಬಹುದು. ಹಾಗೆ ಕೇಳಿದರೆ ಮರ್ಯಾದೆ ಹೋಯಿತೆಂದು ಮಕ್ಕಳು ಅಂಜುತ್ತಾರೆ. ಈ ಅಂಜಿಕೆ ಪರೀಕ್ಷೆ ಕಲಿಸಿದ್ದಲ್ಲ.

ದುಡ್ಡಿನ ಮಾತು ಬೇರೆ. ಪರೀಕ್ಷೆಯ ಶುಲ್ಕವೇ ದುಬಾರಿ, ಬಂದ ಬ್ಯಾಂಡಿಗೆ, ಅಂದರೆ ಅಂಕಕ್ಕೆ, ಆಯುಷ್ಯ ಎರಡೇ ವರ್ಷ. ಬೇಕಾದಷ್ಟು ಬರದಿದ್ದರೆ ಮತ್ತೆ ಕಟ್ಟಬೇಕು. ಹೊರದೇಶದ ಓದಿಗೆ ಪರಿಶಿಷ್ಟರ ಮಕ್ಕಳಿಗೆ ಸಮಾಜ ಕಲ್ಯಾಣ ಇಲಾಖೆಯ ‘ಪ್ರಬುದ್ಧ’ ಯೋಜನೆಯಂಥ ನೆರವಿದೆ, ನಿಜ. ಆದರೆ ಹತ್ತಿ ಬಿಡಿಸಿದ ಕೂಲಿಯಲ್ಲಿ ನಡೆಯುವ ಮನೆಗೆ ಈ ಮೊದಲ ಮೆಟ್ಟಿಲೇ ಎತ್ತರದ್ದು. ಕೋಚಿಂಗಿನವರು ಬಂಡವಾಳ ಮಾಡಿಕೊಳ್ಳುವುದು ಎರಡನೇ ಸಲ ಕಟ್ಟಬೇಕಾದೀತೆಂಬ ಈ ಭಯವನ್ನೇ.

ಇನ್ನೊಂದು ಬಂಡವಾಳ ಕೀಳರಿಮೆ. 2024ರ ಎಸ್ಸೆಸ್ಸೆಲ್ಸಿ ಫಲಿತಾಂಶದಲ್ಲಿ ಯಾದಗಿರಿ ಜಿಲ್ಲೆ ರಾಜ್ಯಕ್ಕೇ ಕೊನೆ, ಶೇ. 50.59. ಇಂಥ ಅಂಕಿ ಕಂಡಾಗಲೆಲ್ಲ ‘ನಮ್ಮ ಹುಡುಗರಿಗೆ ಇಂಗ್ಲಿಷ್ ಎಲ್ಲಿಂದ ಬರಬೇಕ್ರೀ’ ಎಂಬ ಮಾತು ಏಳುತ್ತದೆ. ಹಾಗನ್ನುವವರು ಯಾದಗಿರಿ ಬಜಾರಿನಲ್ಲಿ ಅರ್ಧ ಗಂಟೆ ನಿಂತು ಕಿವಿಗೊಡಲಿ. ಮನೆಯಲ್ಲಿ ಕನ್ನಡ ಆಡುವ ಹುಡುಗ ಹಣ್ಣಿನ ಬಂಡಿಯ ಮುಂದೆ ದಖನಿ ಉರ್ದುವಿನಲ್ಲಿ ಚೌಕಾಸಿ ಮಾಡುತ್ತಾನೆ, ಗಡಿಯಾಚೆಯಿಂದ ಬಂದವರೊಡನೆ ತೆಲುಗಿಗೆ ಹೊರಳುತ್ತಾನೆ. ಲಂಬಾಣಿ ತಾಂಡಾದ ಹುಡುಗಿಗೆ ಕನ್ನಡವೇ ಎರಡನೆಯ ಭಾಷೆ. ಲಿಂಗ ತಪ್ಪುತ್ತದೆ, ಕಾಲ ತಪ್ಪುತ್ತದೆ, ಯಾರೂ ನಿಂತು ತಿದ್ದುವುದಿಲ್ಲ, ವ್ಯವಹಾರ ಮುಗಿಯುತ್ತದೆ. ಅರೆಬರೆ ಗೊತ್ತಿರುವ ಭಾಷೆಯಲ್ಲಿ ನಾಚಿಕೆಯಿಲ್ಲದೆ ಬದುಕುವ ವಿದ್ಯೆ ಇದು. ಹೊರದೇಶದಲ್ಲಿ ಮನೆ ಬಾಡಿಗೆಗೆ ಹಿಡಿಯಲು, ಬಸ್ಸು ಕೇಳಲು, ಹೋಟೆಲಿನಲ್ಲಿ ಪಾರ್ಟ್‌ಟೈಮ್ ದುಡಿಯಲು ಬೇಕಾದದ್ದೂ ಇದೇ. ಬೆಂಗಳೂರಿನ ಕಾನ್ವೆಂಟಿನ ಮಕ್ಕಳಲ್ಲಿ ಇದು ಇಷ್ಟು ಧಾರಾಳವಾಗಿದೆ ಎಂದು ನಾನಂತೂ ಹೇಳಲಾರೆ.

ಭಾಷೆ ಬಾರದೆಯೇ ಪರದೇಶಕ್ಕೆ ಹೊರಟವರಲ್ಲಿ ಬ್ರಿಟಿಷ್ ಅಧಿಕಾರಿ ಮೆಡೋಸ್ ಟೇಲರನೂ ಒಬ್ಬ. ನಮ್ಮ ಜಿಲ್ಲೆಯ ಸುರಪುರದವರಿಗೆ ಅವನ ಕತೆ ಹೊಸದಲ್ಲ. ಹದಿನೈದರ ಹರೆಯದಲ್ಲಿ ಮುಂಬೈಯ ವ್ಯಾಪಾರಿಯೊಬ್ಬನ ಬಳಿ ಗುಮಾಸ್ತನಾಗಲು ಹಡಗು ಹತ್ತಿ ಬಂದವನು, 1824ರಲ್ಲಿ ನಿಜಾಮರ ಸೇವೆಗೆ ಸೇರಿದ. 1841ರಿಂದ ಸುಮಾರು ಒಂದು ದಶಕ ಸುರಪುರ ಸಂಸ್ಥಾನದಲ್ಲಿ ಆಡಳಿತ ನೋಡಿಕೊಂಡ. ಅವನಿಗೆ ಇಲ್ಲಿಯ ಭಾಷೆಗಳು ಬಂದದ್ದು ಹೊರಡುವ ಮುನ್ನವಲ್ಲ, ಇಲ್ಲಿಗೆ ಬಂದು ಜನರ ನಡುವೆ ಕೆಲಸಕ್ಕೆ ಬಿದ್ದ ಮೇಲೆ. ಅವನ ಬೆನ್ನಿಗೆ ಅಧಿಕಾರವಿತ್ತು, ತಪ್ಪಾಗಿ ಆಡಿದರೂ ಎದುರಿದ್ದವರು ನಗುವಂತಿರಲಿಲ್ಲ ಎಂಬುದನ್ನೂ ಸೇರಿಸಬೇಕು. ನಮ್ಮ ಮಕ್ಕಳಿಗೆ ಆ ಅನುಕೂಲವಿಲ್ಲ. ಹಾಗಿದ್ದರೂ ಪೂರ್ತಿ ಕಲಿತ ಮೇಲೆಯೇ ಹೊರಡಬೇಕೆಂಬ ಹಟ ಹಿಡಿದಿದ್ದರೆ ಅವನೂ ಹೊರಡುತ್ತಿರಲಿಲ್ಲ.

ಆದರೆ ಬಜಾರಿನ ಈ ಧೈರ್ಯ ಗ್ರಂಥಾಲಯದ ಬಾಗಿಲವರೆಗೆ ಮಾತ್ರ. ಇಲ್ಲಿ ಪರೀಕ್ಷೆಯ ಬಗ್ಗೆಯೂ ನನ್ನ ತಕರಾರಿದೆ. ಅದು ಬರೆಸುವುದು ಒಂದು ಗಂಟೆಯಲ್ಲಿ ಎರಡು ತುಣುಕು, ಕನಿಷ್ಠ 150 ಪದದ್ದೊಂದು, ಕನಿಷ್ಠ 250 ಪದದ್ದೊಂದು. ಬ್ರಿಟನ್ನಿನ ಒಂದು ವರ್ಷದ ಸ್ನಾತಕೋತ್ತರ ಕೋರ್ಸಿನ ಕೊನೆಗೆ ಬರೆಯಬೇಕಾದ ಪ್ರಬಂಧ ಸಾಮಾನ್ಯವಾಗಿ 10,000ದಿಂದ 15,000 ಪದದ್ದು. ಕೆಲವರು ಹೀಗೆನ್ನುತ್ತಾರೆ, ಕೆಲವರು ಹಾಗೆನ್ನುತ್ತಾರೆ, ಎರಡರಲ್ಲೂ ಸತ್ಯವಿದೆ ಎಂಬ ಟೆಂಪ್ಲೇಟಿನಲ್ಲಿ 6.5 ಬ್ಯಾಂಡ್ ದಾಟಿದವರಿಗೆ ಅಲ್ಲಿ ಮೊದಲ ಅಸೈನ್‌ಮೆಂಟೇ ಗೋಡೆಯಾಗುತ್ತದೆ. ಗೈಡಿನಲ್ಲಿದ್ದದ್ದನ್ನು ಚಾಚೂ ತಪ್ಪದೆ ಇಳಿಸಿದವನಿಗೆ ಇಲ್ಲಿ ಪೂರ್ತಿ ಅಂಕ. ಅಲ್ಲಿ ಅದು ಶಿಸ್ತುಕ್ರಮಕ್ಕೆ ಗುರಿಮಾಡುವ ಕೃತಿಚೌರ್ಯ. ಇಂಗ್ಲಿಷ್ ಮಾಧ್ಯಮದಲ್ಲಿ ಓದಿದ್ದಾನೆ ಎಂಬ ಕಾಲೇಜಿನ ಪತ್ರ ತೋರಿಸಿದರೆ ಕೆಲವು ವಿಶ್ವವಿದ್ಯಾಲಯಗಳು ಪರೀಕ್ಷೆಯಿಂದಲೇ ವಿನಾಯಿತಿ ಕೊಡುತ್ತವೆ. ನೋಟ್ಸ್ ಮಾತ್ರ ಇಂಗ್ಲಿಷಿನಲ್ಲಿದ್ದು ಪಾಠವೆಲ್ಲ ಕನ್ನಡದಲ್ಲೇ ನಡೆದ ತರಗತಿಗಳೂ ಆ ಪತ್ರದೊಳಗೆ ಸೇರಿಕೊಳ್ಳುತ್ತವೆ.

ಹಾಗಾಗಿ ಸ್ಪೋಕನ್ ಇಂಗ್ಲಿಷಿಗೆ ಸುರಿಯುವ ತಿಂಗಳುಗಳಲ್ಲಿ ಅರ್ಧವನ್ನಾದರೂ ಬರವಣಿಗೆಗೆ ತಿರುಗಿಸಬೇಕು. ವಿಷಯಕ್ಕೆ ದೂರ ಹೋಗಬೇಕಿಲ್ಲ. ನಾರಾಯಣಪುರದ ಎಡದಂಡೆ ಕಾಲುವೆಯ ನೀರು ಬಂದ ಮೇಲೆ ಸುರಪುರ, ಶಹಾಪುರದ ಹೊಲಗಳಲ್ಲಿ ಭತ್ತ ಬಂತು. ಅದರಿಂದ ಯಾರಿಗೆ ಲಾಭವಾಯಿತು, ಯಾವ ಹೊಲ ಸವುಳಾಯಿತು, ಕಾಲುವೆಯ ಕೊನೆಯವನಿಗೆ ನೀರು ಯಾಕೆ ಮುಟ್ಟುತ್ತಿಲ್ಲ? ಅಬ್ಬೆತುಮಕೂರಿನ ಆ ಹುಡುಗಿ ನಾಲ್ವರು ರೈತರನ್ನು ಮಾತಾಡಿಸಿ, ಎರಡು ಸರ್ಕಾರಿ ವರದಿ ಓದಿ, ಯಾರ ಮಾತು ಯಾರದೆಂದು ನಮೂದಿಸಿ, ತನ್ನ ವಾದ ಇದು ಎಂದು 2,000 ಪದ ಇಂಗ್ಲಿಷಿನಲ್ಲಿ ಬರೆಯಲಿ. ಇಂಗ್ಲಿಷ್ ಬಲ್ಲ ಮೇಷ್ಟ್ರೊಬ್ಬರು ಕೆಂಪು ಮಸಿಯಲ್ಲಿ ತಿದ್ದಲಿ, ಅವಳು ಮತ್ತೆ ಬರೆಯಲಿ. ಅಷ್ಟರಿಂದ ಬ್ಯಾಂಡ್ ಏರೀತೆಂದು ನಾನು ಹೇಳುವುದಿಲ್ಲ. ಮೊದಲ ಸೆಮಿಸ್ಟರಿನ ಅಸೈನ್‌ಮೆಂಟ್ ಕೈಗೆ ಬಂದಾಗ ಏನು ಮಾಡಬೇಕೆಂಬುದು ಮಾತ್ರ ಅವಳಿಗೆ ಗೊತ್ತಿರುತ್ತದೆ.