ದುರ್ಗದ ಮಣ್ಣಿನ ಗೋಡೆಗಳು: ವಾಸ್ತುವಿಮರ್ಶೆಯ ಒಂದು ಕೊರತೆ

ಚಿತ್ರದುರ್ಗದ ಕೋಟೆಯನ್ನು ಕುರಿತು ಬರೆಯುವವರು ಸಾಮಾನ್ಯವಾಗಿ ಅದರ ಏಳು ಸುತ್ತಿನ ಕಲ್ಲುಗೋಡೆಗಳನ್ನು ಕೊಂಡಾಡುತ್ತಾರೆ. ಬಾಗಿಲು, ಬತೇರಿ, ಹೊಂಡಗಳನ್ನೂ ಓಬವ್ವನ ಕಿಂಡಿಯನ್ನೂ ವರ್ಣಿಸುತ್ತಾರೆ. ಬೆಟ್ಟದ ಮೇಲೆ ಛಾವಣಿಯಿಲ್ಲದೆ ನಿಂತಿರುವ ಎತ್ತರವಾದ ಮಣ್ಣಿನ ಗೋಡೆಗಳ ಬಳಿಗೆ ಬಂದಾಗ ಮಾತ್ರ, ‘ಅರಮನೆಯ ಅವಶೇಷ’ ಎಂಬ ಎರಡು ಮಾತುಗಳಲ್ಲಿ ವಿಷಯವನ್ನು ಮುಗಿಸುತ್ತಾರೆ. ಈ ಔದಾಸೀನ್ಯವು ಉಚಿತವಲ್ಲವೆಂಬುದೂ, ನಾಯಕರ ಕಾಲದ ಜೀವನವನ್ನು ಅರಿಯಲು ಕೋಟೆಗಿಂತಲೂ ಈ ನಿವಾಸಗಳೇ ಹತ್ತಿರದ ಸಾಕ್ಷಿಗಳೆಂಬುದೂ ನಮ್ಮ ಅಭಿಪ್ರಾಯ.

ಇದನ್ನು ಸ್ಪಷ್ಟಪಡಿಸಲು ಅದೇ ಕಾಲದ ಹೊರನಾಡಿನ ನಿವಾಸವೊಂದನ್ನು ಹೋಲಿಕೆಗೆ ತೆಗೆದುಕೊಳ್ಳಬಹುದು. ಕಡೆಯ ಮದಕರಿನಾಯಕನು 1754ರಿಂದ 1779ರವರೆಗೆ ದುರ್ಗವನ್ನು ಆಳಿದನು. ಆ ಅವಧಿಯಲ್ಲಿಯೇ, 1767ರಿಂದ 1774ರ ನಡುವೆ, ಇಂಗ್ಲೆಂಡಿನ ಬಾತ್ ನಗರದಲ್ಲಿ ಕಿರಿಯ ಜಾನ್ ವುಡ್ ಎಂಬ ವಾಸ್ತುಶಿಲ್ಪಿಯ ಯೋಜನೆಯಂತೆ ‘ರಾಯಲ್ ಕ್ರೆಸೆಂಟ್’ ಎಂಬ ಮನೆಗಳ ಸಾಲು ಎದ್ದಿತು. ಜಾರ್ಜ್ ದೊರೆಗಳ ಕಾಲದ ನಗರವಾಸ್ತುವಿಗೆ ಅದು ಆದರ್ಶವೆನಿಸಿದೆ. ಅರ್ಧಚಂದ್ರಾಕಾರದಲ್ಲಿ 30 ಮನೆಗಳು. ಮುಂಭಾಗದಲ್ಲಿ 114 ಅಯೋನಿಕ್ ಕಂಬಗಳು. ಎದುರಿನಿಂದ ನೋಡಿದವರಿಗೆ ಅದು ಒಂದೇ ಅರಮನೆ. ಆದರೆ ವುಡ್ ರೂಪಿಸಿದುದು ಮುಖಭಾಗವನ್ನು ಮಾತ್ರ. ಅದರ ಒಂದೊಂದು ತುಂಡನ್ನು ಕೊಂಡವರು ತಮ್ಮ ತಮ್ಮ ಶಿಲ್ಪಿಗಳಿಂದ ಹಿಂದಿನ ಮನೆಯನ್ನು ಕಟ್ಟಿಸಿಕೊಂಡರು. ಆದುದರಿಂದ ಹಿಂಬದಿಯಲ್ಲಿ ಎತ್ತರವೂ ಕಿಟಕಿಗಳೂ ಒಂದರಂತೆ ಒಂದಿಲ್ಲ. ಆ ಕಾಲದ ಜನ ತೋರಿಸಿಕೊಳ್ಳಬಯಸಿದುದನ್ನು ಮುಂಭಾಗವೂ, ಬದುಕಿದ ರೀತಿಯನ್ನು ಹಿಂಭಾಗವೂ ಹೇಳುತ್ತವೆ.

ದುರ್ಗದಲ್ಲಿ ಸ್ಥಿತಿ ಇದಕ್ಕೆ ವಿಪರೀತವಾದುದು. ಇಲ್ಲಿ ತೋರಿಕೆಯ ಭಾಗವಾಗಿದ್ದ ಮರಗೆಲಸ, ಗಾರೆ, ಬಣ್ಣ ಎಲ್ಲವೂ ಅಳಿದು, ಮನೆಯ ಮೈಕಟ್ಟು ಮಾತ್ರ ಉಳಿದಿದೆ. ಅದನ್ನು ಕಂಡು, ಕಲ್ಲಿನಲ್ಲಿ ಕಟ್ಟಲಾರದೆ ಮಣ್ಣಿಗೆ ಮೊರೆಹೋದರೆಂದು ತೀರ್ಮಾನಿಸುವುದು ಸಲ್ಲದು. ಬೆಟ್ಟದ ತುಂಬ ಕಣಶಿಲೆಯಿದ್ದಿತು; ಅದನ್ನು ಸೀಳಿ ಏಳು ಸುತ್ತು ಕಟ್ಟಿದ ಕೈಗಳೂ ಇದ್ದವು. ಹಾಗಿದ್ದೂ ವಾಸಕ್ಕೆ ಮಣ್ಣನ್ನು ಆರಿಸಿದುದು ವಿವೇಕದ ಆಯ್ಕೆಯೆಂದೇ ನಾವು ಭಾವಿಸುತ್ತೇವೆ. ಮಳೆ ಕಡಮೆಯಾಗಿ ಬಿಸಿಲು ಹೆಚ್ಚಾದ ಈ ಸೀಮೆಯಲ್ಲಿ ದಪ್ಪವಾದ ಮಣ್ಣಿನ ಗೋಡೆಯು ಹಗಲಿನ ತಾಪವನ್ನು ತಡೆದು ನಿಲ್ಲಿಸುತ್ತದೆ. ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳ ಕಡೆಯ ಹಳೆಯ ಮಾಳಿಗೆಮನೆಗಳಲ್ಲಿ ಬೇಸಗೆಯ ಮಧ್ಯಾಹ್ನವನ್ನು ಕಳೆದವರಿಗೆ ಇದನ್ನು ವಿವರಿಸಬೇಕಾದುದಿಲ್ಲ. ಮಣ್ಣಿನ ಮನೆ ಛಾವಣಿಯಿಂದ ಬದುಕುತ್ತದೆ. ಛಾವಣಿ ಹೋದ ಮೇಲೆ ನೀರು ಗೋಡೆಯ ನೆತ್ತಿಯಿಂದ ಇಳಿಯುತ್ತದೆ. ಇಂದಿನ ಹಾಳು ಆರೈಕೆ ತಪ್ಪಿದುದರ ಫಲವೇ ಹೊರತು ಕಟ್ಟಿದವರ ದೋಷವಲ್ಲ.

ಆದರೆ ಅಭಿಮಾನವೂ ವಿಮರ್ಶೆಯ ಮಿತಿಯನ್ನು ಮೀರಬಾರದು. 1779ರಲ್ಲಿ ದುರ್ಗವು ಹೈದರಾಲಿಯ ವಶವಾಗಿ, 1799ರವರೆಗೆ ಅವನ ಮತ್ತು ಟಿಪ್ಪುವಿನ ಆಳ್ವಿಕೆಯಲ್ಲಿದ್ದಿತು. ಆದುದರಿಂದ ಕಂಡ ಗೋಡೆಯನ್ನೆಲ್ಲ ಮದಕರಿಯದೆನ್ನುವುದು ಸಾಹಸವಾದೀತು. ಗೋಡೆಗಳ ದಪ್ಪ, ಬಾಗಿಲುಗಳ ದಿಕ್ಕು, ತೊಲೆಗಳನ್ನು ಕೂರಿಸಿದ ಗೂಡುಗಳ ಎತ್ತರ, ಒಂದು ಗೋಡೆ ಇನ್ನೊಂದಕ್ಕೆ ಬೆಸೆದಿದೆಯೋ ಬರಿದೆ ಒರಗಿದೆಯೋ ಎಂಬುದು, ಇವುಗಳನ್ನು ಅಳೆದು ಗುರುತಿಸಿದ ಮೇಲೆಯೇ ಅಂತಸ್ತುಗಳನ್ನೂ ಕಾಲಾನುಕ್ರಮವನ್ನೂ ಹೇಳಲು ಸಾಧ್ಯ.

ಬೆಟ್ಟದ ಬುಡದ ಚಂದ್ರವಳ್ಳಿಯಲ್ಲಿ ಡಾ. ಎಂ. ಎಚ್. ಕೃಷ್ಣ ಅವರೂ, 1947ರಲ್ಲಿ ಮಾರ್ಟಿಮರ್ ವೀಲರ್ ಅವರೂ ಮಣ್ಣನ್ನು ಪದರ ಪದರವಾಗಿ ಓದಿ, ಶಾತವಾಹನರ ಕಾಲದ ನೆಲೆಯನ್ನು ಬೆಳಕಿಗೆ ತಂದರು. ಎರಡು ಸಾವಿರ ವರ್ಷಗಳ ಹಿಂದಿನ ಮಣ್ಣಿಗೆ ಸಂದ ಗೌರವವು ಇನ್ನೂರೈವತ್ತು ವರ್ಷಗಳ ಹಿಂದಿನ ಮಣ್ಣಿಗೆ ನಮ್ಮ ತರಗತಿಗಳಲ್ಲಿ ಸಲ್ಲುತ್ತಿಲ್ಲ. ತ. ರಾ. ಸುಬ್ಬರಾಯರ ‘ದುರ್ಗಾಸ್ತಮಾನ’ವು ಈ ಕೋಟೆಯ ಕೊನೆಯ ದಿನಗಳನ್ನು ಜನಮನದಲ್ಲಿ ನೆಲೆಗೊಳಿಸಿತು. ಆ ಜನ ಎಲ್ಲಿ ಉಂಡರು, ಎಲ್ಲಿ ಮಲಗಿದರು, ಯಾವ ಬಾಗಿಲಿನಿಂದ ಒಳಹೊಕ್ಕರು ಎಂಬುದನ್ನು ಹೇಳಬೇಕಾದವರು ನಾವು. ಬಾತ್‌ನ ಆ ಸಾಲಿನ ಮೊದಲನೆಯ ಮನೆಯನ್ನು ದುರಸ್ತಿಗೊಳಿಸಿ ವಸ್ತುಸಂಗ್ರಹಾಲಯವಾಗಿ ಕಾಪಾಡಿದ್ದಾರೆ. ಅಷ್ಟು ನಮ್ಮಿಂದಾಗದಿದ್ದರೂ, ಅಳತೆಪಟ್ಟಿ ಹಿಡಿದ ನಾಲ್ಕು ಜನ ವಿದ್ಯಾರ್ಥಿಗಳು ಅನುಮತಿ ಪಡೆದು ಒಂದು ಬೇಸಗೆಯಲ್ಲಿ ನಕ್ಷೆಯೊಂದನ್ನು ಸಿದ್ಧಪಡಿಸುವುದು ಅಸಾಧ್ಯವೇನಲ್ಲ. ಕಲ್ಲು ಕಾಯಬಲ್ಲುದು, ಮಣ್ಣು ಪ್ರತಿ ಮಳೆಗಾಲದಲ್ಲಿಯೂ ತನ್ನ ಸಾಕ್ಷ್ಯವನ್ನು ಅಷ್ಟಷ್ಟಾಗಿ ಕಳೆದುಕೊಳ್ಳುತ್ತಿದೆ.